ಅತ್ತೆ ಹೇಳದೆ ನುಂಗುತ್ತಿದ್ದ ಗುಳಿಗೆ

ಅತ್ತೆ ಒಂದು ಪೂರ್ತಿ ಲೋಟ ನೀರು ಕುಡಿದದ್ದನ್ನು ನಾನು ಮದುವೆಯಾಗಿ ಬಂದ ಮೇಲೆ ಬಹಳ ಕಾಲ ನೋಡಿರಲಿಲ್ಲ. ಊಟಕ್ಕೆ ಕೂತಾಗ ಎಲ್ಲರ ತಾಟಿನ ಪಕ್ಕದಲ್ಲೂ ನೀರಿಡುತ್ತಿದ್ದರು, ತಮ್ಮ ಪಕ್ಕದಲ್ಲಿ ಮಾತ್ರ ಇಟ್ಟುಕೊಳ್ಳುತ್ತಿರಲಿಲ್ಲ. ಕೊನೆಗೆ ಅಡುಗೆಮನೆಯಲ್ಲಿ ನಿಂತು ಎರಡು ಗುಟುಕು ಬಾಯಿಗೆ ಹಾಕಿಕೊಂಡರೆ ಅವರ ನೀರು ಮುಗಿಯಿತು. ಎಲ್ಲಿಗಾದರೂ ಹೊರಡುವ ದಿನ ಚಹಾ ಕೂಡ ಬೇಡ ಎನ್ನುತ್ತಿದ್ದರು. ಕೆಲವರಿಗೆ ಖಾರ ಸೇರುವುದಿಲ್ಲ, ಇವರಿಗೆ ನೀರು ಸೇರುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ.

ಅವರ ಮನೆಯವರು ಮೂಲತಃ ಕಲಬುರ್ಗಿ ಕಡೆಯವರು. ಮಾವ ರೇಲ್ವೆಯಲ್ಲಿ ಕಾರಕೂನರಾಗಿದ್ದರಿಂದ ಅತ್ತೆಯ ಸಂಸಾರವೆಲ್ಲ ದೌಂಡದಲ್ಲಿ ನಡೆದಿತ್ತು. ಮಾವ ತೀರಿಕೊಂಡ ಮೇಲೆ ಪುಣೆಗೆ, ಒಬ್ಬನೇ ಮಗನಾದ ನನ್ನ ಗಂಡನ ಮನೆಗೆ ಬಂದರು. ನಾವು ಆಗಷ್ಟೇ ಕೊಂಢವಾದಲ್ಲಿ ಎರಡನೇ ಮಹಡಿಯ ಸಣ್ಣ ಮನೆ ತೆಗೆದುಕೊಂಡಿದ್ದೆವು. ನಾನು ಕ್ಯಾಂಪಿನ ಒಂದು ಕಚೇರಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ನನ್ನ ಗಂಡನಂತೆ ನಾನೂ ಅವರನ್ನು ಅವ್ವ ಎಂದೇ ಕರೆಯುತ್ತಿದ್ದೆ. ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ಮಾತು ಕಡಿಮೆಯ ಹೆಂಗಸು. ಹೊರಗೆ ಮರಾಠಿಯಲ್ಲಿ ತರಕಾರಿಯವಳ ಜೊತೆ ಚೆನ್ನಾಗಿ ವಾದ ಮಾಡುತ್ತಿದ್ದರು. ತಮ್ಮ ಮೈ ವಿಷಯ ಬಂದರೆ ಯಾವ ಭಾಷೆಯಲ್ಲೂ ಬಾಯಿ ಬಿಡುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಅವರು ಬಚ್ಚಲಿಗೆ ಹೋಗಿ ಬಹಳ ಹೊತ್ತು ಹೊರಗೆ ಬರದೆ ಇರುವುದು ನನ್ನ ಗಮನಕ್ಕೆ ಬಂತು. ಬಂದ ಮೇಲೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ಸ್ವಲ್ಪ ಹೊತ್ತಿಗೆ ಮತ್ತೆ ಒಳಗೆ. ಕೇಳಿದರೆ "ಏನಿಲ್ಲ ಬಿಡು, ಬಿಸಲಿಗೆ ಮೈ ಕಾದದ" ಎನ್ನುತ್ತಿದ್ದರು. ಹವೀಜವನ್ನು, ಅಂದರೆ ಕೊತಂಬರಿ ಬೀಜವನ್ನು ನೆನೆಸಿ ಆ ನೀರನ್ನು ಸೋಸಿಕೊಂಡು ಕುಡಿಯುತ್ತಿದ್ದರು. ಎದುರು ಮನೆಯ ಮರಾಠಿ ಮುದುಕಿ ನೋಡಿದವರೇ "ಉನ್ಹಾಳಿ ಲಾಗಲೀ ಕಾ?" ಎಂದು ಕೇಳಿದರು. ಉರಿಮೂತ್ರಕ್ಕೆ ಅವರು ಹೇಳುವ ಮಾತು ಅದು. ಅತ್ತೆ ಕೇಳಿಸದವರಂತೆ ಒಳಗೆ ಹೋದರು. ಆ ಸಂಜೆ ಅವರಿಗೆ ಚಳಿ ಬಂದು ಹಲ್ಲು ಕಟಕಟ ಎನ್ನತೊಡಗಿದಾಗ ನಾನು ರಿಕ್ಷಾ ಕರೆದೆ.

ಹತ್ತಿರದಲ್ಲೇ ಒಬ್ಬ ಲೇಡಿ ಡಾಕ್ಟರ್ ಇದ್ದರು. ನಡುವಯಸ್ಸಿನವರು, ಗಡಿಬಿಡಿ ಇಲ್ಲದೆ ಮಾತಾಡುವವರು. ಮೂತ್ರ ಪರೀಕ್ಷೆ ಮಾಡಿಸಿದರು, ರಕ್ತ ಪರೀಕ್ಷೆ ಮಾಡಿಸಿದರು, ಯಾವ ಔಷಧಕ್ಕೆ ಆ ಸೋಂಕು ಬಗ್ಗುತ್ತದೆ ಎಂದು ನೋಡಿ ಗುಳಿಗೆ ಬರೆದುಕೊಟ್ಟರು. ಜ್ವರ ಇಳಿಯಿತು. ಆದರೆ ಕೆಲವು ವಾರಗಳಲ್ಲಿ ಮತ್ತೆ ಉರಿ. ಮತ್ತೆ ಪರೀಕ್ಷೆ, ಮತ್ತೆ ಗುಳಿಗೆ. ಹೀಗೆ ಹಲವು ಸಲ ಆದ ಮೇಲೆ ಡಾಕ್ಟರು ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡು ಬೇರೆ ದಾರಿ ಹೇಳಿದರು. ನೈಟ್ರೋಫ್ಯುರಾಂಟೊಯಿನ್ ಎಂಬ ಹಳದಿ ಗುಳಿಗೆ. ಸಣ್ಣ ಪ್ರಮಾಣದಲ್ಲಿ ದಿನಾ ರಾತ್ರಿ ಊಟವಾದ ಮೇಲೆ ಒಂದು, ಕೆಲವು ತಿಂಗಳು. ಸೋಂಕು ಮರಳಿ ಬರದಂತೆ ತಡೆಯಲು.

ಡಾಕ್ಟರು ಮರಾಠಿಯಲ್ಲಿ ಹೇಳಿದ್ದನ್ನು ನಾನು ಅತ್ತೆಗೆ ಕನ್ನಡದಲ್ಲಿ ಹೇಳುತ್ತಾ ಹೋದೆ, ಅವರಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತಿದ್ದರೂ. ಡಾಕ್ಟರಮ್ಮನ ಮುಖ ನೋಡಿ ಆ ಮಾತು ಕೇಳಲು ಅವರಿಗೆ ಆಗುತ್ತಿರಲಿಲ್ಲ, ನನ್ನ ಕಡೆ ತಿರುಗಿ ಕೂತಿದ್ದರು. ಖಾಲಿ ಹೊಟ್ಟೆಯಲ್ಲಿ ನುಂಗಬಾರದು, ಹೊಟ್ಟೆ ತೊಳಸುತ್ತದೆ. ನೀರು ಚೆನ್ನಾಗಿ ಕುಡಿಯಬೇಕು. ಮೂತ್ರ ಕಡು ಹಳದಿಯಾಗಿ, ಕೆಲವು ಸಲ ಕಂದು ಬಣ್ಣಕ್ಕೆ ಬರಬಹುದು, ಹೆದರಬಾರದು. ಮೈಮೇಲೆ ಗಂದೆ ಎದ್ದರೆ, ದಮ್ಮು ಹತ್ತಿದರೆ, ಒಣ ಕೆಮ್ಮು ಬಂದರೆ ಅಂದೇ ನಿಲ್ಲಿಸಿ ಬಂದು ತೋರಿಸಬೇಕು. ಬರೆದುಕೊಟ್ಟ ಅವಧಿ ಮುಗಿದ ಮೇಲೆ ತೋರಿಸದೆ ಮುಂದುವರಿಸಬಾರದು. ಅತ್ತೆ ಎಲ್ಲದಕ್ಕೂ ತಲೆ ಆಡಿಸಿದರು.

ಆ ಗುಳಿಗೆ ಅವರನ್ನು ಬೇರೆಯೇ ಹೆಂಗಸನ್ನಾಗಿ ಮಾಡಿತು. ಇದನ್ನು ನಾನು ಹೆಚ್ಚು ಮಾಡಿ ಹೇಳುತ್ತಿಲ್ಲ. ಮೊದಲ ತಿಂಗಳು ಮುಗಿಯುವಷ್ಟರಲ್ಲಿ ಅವರು ನಮ್ಮ ಜೊತೆ ಕೂತು ನೀರು ಕುಡಿಯತೊಡಗಿದರು. ಬೆಳಗ್ಗೆ ಎದ್ದು ಕೆಳಗಿನ ಹೆಂಗಸರ ಜೊತೆ ತಿರುಗಾಡಲು ಹೋದರು. ಗುರುವಾರದ ಭಜನೆಗೆ ಸೇರಿಕೊಂಡರು. ಭಜನೆಯ ಹೆಂಗಸರು ಪಂಢರಪುರಕ್ಕೆ ಹೊರಟಾಗ, ಮೊದಲು ಯಾವ ಪ್ರಯಾಣಕ್ಕೂ ಹತ್ತು ನೆವ ಹೇಳುತ್ತಿದ್ದವರು, ತಾವೇ ಚೀಲ ಕಟ್ಟಿಕೊಂಡು ಹೋಗಿ ಬಂದರು. ಬಂದ ದಿನ ನನಗೆ ಹಣೆಗೆ ಹಚ್ಚುವ ಕಪ್ಪು ಬುಕ್ಕಾ, ಚುರುಮುರಿ ಪ್ರಸಾದ ಕೊಟ್ಟು, ಅಷ್ಟೊಂದು ಮಂದಿಯ ನಡುವೆ ಸಾಲಿನಲ್ಲಿ ತಾಸುಗಟ್ಟಲೆ ನಿಂತದ್ದನ್ನು ಹೇಳಿದರು.

"ಒಂದ ಸರ್ತಿನೂ ಅಂಜಿಕಿ ಆಗ್ಲಿಲ್ಲ ನೋಡ ತಂಗಿ," ಎಂದರು.

ಯಾವುದರ ಅಂಜಿಕೆ ಎಂದು ನಾನು ಕೇಳಲಿಲ್ಲ. ನನಗೆ ಅರ್ಥವಾಗಿತ್ತು ಎಂದುಕೊಂಡೆ.

ಅವಧಿ ಮುಗಿಯುತ್ತ ಬಂದಾಗ ನಾವು ತೋರಿಸಲು ಹೋದೆವು. ದವಾಖಾನೆಗೆ ಬೀಗ. ಡಾಕ್ಟರ ಯಜಮಾನರಿಗೆ ವರ್ಗವಾಗಿ ಕುಟುಂಬವೇ ನಾಗಪುರದ ಕಡೆ ಹೋಯಿತೆಂದು ಪಕ್ಕದ ಜೆರಾಕ್ಸ್ ಅಂಗಡಿಯವನು ಹೇಳಿದ. ಅತ್ತೆಗೆ ಆಗ ಉರಿ ಇರಲಿಲ್ಲ, ಜ್ವರ ಇರಲಿಲ್ಲ. ಬೇರೆ ಡಾಕ್ಟರನ್ನು ಹುಡುಕೋಣ ಎಂದೆ. ಅವರು ಮೆಟ್ಟಿಲಿಳಿಯುತ್ತ, "ಈಗ ಎಲ್ಲಾ ನೆಟ್ಟಗದ. ಗುಳಿಗೀನೂ ಮುಗದಾವ. ಮತ್ತ ಆತಂದ್ರ ನೋಡೂಣು," ಎಂದರು. ಅದು ಸರಿಯೆನಿಸಿತು. ಗುಳಿಗೆ ಅಲ್ಲಿಗೆ ನಿಂತಿತು ಎಂದೇ ನನಗೆ, ನನ್ನ ಗಂಡನಿಗೆ ತಿಳಿದದ್ದು.

ಕೆಮ್ಮು ಯಾವಾಗ ಶುರುವಾಯಿತೋ ನಮ್ಮಲ್ಲಿ ಯಾರಿಗೂ ಸರಿಯಾಗಿ ನೆನಪಿಲ್ಲ. ಆಗ ಕೊಂಢವಾದಲ್ಲಿ ಎಲ್ಲರೂ ಕೆಮ್ಮುತ್ತಿದ್ದರು. ನಮ್ಮ ಕಟ್ಟಡದ ಹಿಂದೆ, ಮುಂದೆ, ಎಲ್ಲೆಡೆ ಹೊಸ ಕಟ್ಟಡಗಳು ಏಳುತ್ತಿದ್ದವು. ಬೆಳಗ್ಗೆ ಒರೆಸಿದ ಕಿಟಕಿಕಟ್ಟೆಯ ಮೇಲೆ ಸಂಜೆಗೆ ಸಿಮೆಂಟಿನ ಪುಡಿ ಕೂತಿರುತ್ತಿತ್ತು. ಒಣಹಾಕಿದ ಬಟ್ಟೆಯನ್ನು ಝಾಡಿಸಿಯೇ ಒಳಗೆ ತರಬೇಕು. ಧೂಳಿಗೆ ಕೆಮ್ಮು ಎಂದು ಎಲ್ಲರೂ ಹೇಳಿದರು, ನಾವೂ ಹೇಳಿದೆವು. ಬೀದಿಯ ಕೊನೆಯ ಡಾಕ್ಟರು ಕೆಮ್ಮಿನ ಔಷಧ ಕೊಟ್ಟರು. ಅತ್ತೆ ಅರಿಶಿನ ಹಾಕಿದ ಹಾಲು ಕುಡಿದರು, ಜ್ಯೇಷ್ಠಮಧು ಬಾಯಲ್ಲಿಟ್ಟುಕೊಂಡರು. ಕಫ ಬರಲಿಲ್ಲ, ಕೆಮ್ಮು ಹೋಗಲಿಲ್ಲ. ಒಣ ಕೆಮ್ಮು, ಖಾಲಿ ಡಬ್ಬಿ ಬಡಿದಂತೆ.

ಆಮೇಲೆ ಅವರು ತಿರುಗಾಡಲು ಹೋಗುವುದನ್ನು ಬಿಟ್ಟರು. ಮೊದಲು ಕೆಳಗಿನವರು ಬೇಗ ಬೇಗ ನಡೆಯುತ್ತಾರೆ ಎಂದರು. ನಂತರ ಮೊಣಕಾಲು ನೋವು ಎಂದರು. ಒಂದು ದಿನ ನಾನು ಕಚೇರಿಯಿಂದ ಬರುವಾಗ ಅವರು ಕೊತಂಬರಿಯ ಚೀಲ ಹಿಡಿದು ಮೊದಲ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದರು. ತುಟಿ ಬಣ್ಣಗೆಟ್ಟಿತ್ತು. ನನ್ನನ್ನು ಕಂಡು ನಗಲು ನೋಡಿದರು.

"ಹಂಗ ಒಂಚೂರ ಕೂತಿದ್ದೆ. ನೀ ನಡಿ, ನಾ ಬರ್ತೇನಿ."

ಅವರ ಕೈ ಹಿಡಿದು ಎಬ್ಬಿಸಿದೆ. ಉಳಿದ ಮೆಟ್ಟಿಲುಗಳನ್ನು ಹತ್ತಲು ಎಷ್ಟು ಹೊತ್ತಾಯಿತೆಂದರೆ, ಮೇಲಿನಿಂದ ಇಳಿಯುತ್ತಿದ್ದವರು ನಿಂತು ನಮಗೆ ದಾರಿ ಬಿಟ್ಟು, ಕಾದು, ಕೊನೆಗೆ ಪಕ್ಕದಿಂದ ಸರಿದು ಹೋದರು.

ಎಕ್ಸ್‌ರೇ ತೆಗೆಸಿದೆವು. ಎರಡೂ ಪುಪ್ಪುಸಗಳ ಕೆಳಭಾಗದಲ್ಲಿ ಮಸುಕಾದ ಬಲೆಯಂಥ ನೆರಳು. ಬೀದಿಯ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, ಕ್ಷಯ ಇರಬಹುದು, ಕಫ ಪರೀಕ್ಷೆ ಆಗಲಿ ಎಂದರು. ಆ ಮಾತು ಮನೆಯೊಳಗೆ ಬಂದು ಕೂತ ಮೇಲೆ ಎಲ್ಲ ಬದಲಾಯಿತು. ನಾವು ಯಾರೂ ಏನೂ ಹೇಳಿರಲಿಲ್ಲ. ಆದರೆ ಮರುದಿನವೇ ಅತ್ತೆ ತಮ್ಮ ತಾಟು, ಲೋಟ, ಚಮಚ ಬೇರೆ ಮಾಡಿ ಅಡುಗೆಮನೆಯ ಮೂಲೆಯಲ್ಲಿ ಇಟ್ಟುಕೊಂಡರು. ತಾವೇ ತೊಳೆಯುತ್ತಿದ್ದರು. ನನ್ನ ಮಗಳು ಆಗ ಇನ್ನೂ ಶಾಲೆಗೆ ಸೇರಿರಲಿಲ್ಲ, ಅಜ್ಜಿಯ ಮಡಿಲಲ್ಲೇ ಬೆಳೆಯುತ್ತಿದ್ದಳು. ಅವಳು ಓಡಿ ಬಂದರೆ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಅವ್ವನ ಕಡೆ ಹೋಗು, ನನ್ನ ಕಡೆ ಬರಬ್ಯಾಡ," ಎನ್ನುತ್ತಿದ್ದರು. ಮಗು ದೂರ ನಿಂತು ಅಳುತ್ತಿತ್ತು. ಅವರೂ ಆ ಕಡೆ ಮುಖ ತಿರುಗಿಸಿ ಕೂತಿರುತ್ತಿದ್ದರು.

ಪರೀಕ್ಷೆಗಳಲ್ಲಿ ಕ್ಷಯ ಕಾಣಲಿಲ್ಲ. ಮತ್ತೆ ಮಾಡಿಸಿದೆವು, ಮತ್ತೆ ಕಾಣಲಿಲ್ಲ. ಹಾಗಾದರೆ ಇದೇನು ಎಂದು ಯಾರಿಗೂ ಹೇಳಲು ಬರಲಿಲ್ಲ. ಅಷ್ಟರಲ್ಲಿ ಅವರು ಸ್ನಾನ ಮುಗಿಸಿ ಸೀರೆ ಉಡುವಾಗಲೂ ಮಧ್ಯದಲ್ಲಿ ಕೂತು ದಮ್ಮು ತೆಗೆದುಕೊಳ್ಳುವ ಸ್ಥಿತಿಗೆ ಬಂದಿದ್ದರು. ನನ್ನ ಗಂಡನ ಕಚೇರಿಯಲ್ಲಿ ಯಾರೋ ಒಬ್ಬ ಎದೆರೋಗದ ಡಾಕ್ಟರ ಬಗ್ಗೆ ಹೇಳಿದರು. ದೊಡ್ಡ ಆಸ್ಪತ್ರೆಯಲ್ಲಿ ಕೂರುತ್ತಾರೆ, ಮಂಗಳೂರು ಕಡೆಯವರು, ಅವರ ತಂದೆಯ ಕಾಲದಿಂದ ಪುಣೆಯಲ್ಲಿ ಹೋಟೆಲು ನಡೆಸಿಕೊಂಡು ಬಂದ ಮನೆತನ. ನಾವು ಮೂವರೂ ಹೋದೆವು.

ಡಾಕ್ಟರು ಮೊದಲು ಮರಾಠಿಯಲ್ಲೇ ಮಾತಾಡಿಸಿದರು. ನಾವು ನಮ್ಮೊಳಗೆ ಕನ್ನಡ ಆಡಿದ್ದು ಕೇಳಿ ಅವರೂ ಕನ್ನಡಕ್ಕೆ ತಿರುಗಿದರು. ಅವರ ಕನ್ನಡ ಪುಸ್ತಕದ ಹಾಗೆ ಪೂರ್ತಿ ಪೂರ್ತಿ ಇತ್ತು. ಅತ್ತೆಯ ಬೆನ್ನ ಮೇಲೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಎಕ್ಸ್‌ರೇ ಚಿತ್ರಗಳನ್ನು ನೋಡಿದರು. ಊರು, ಕೆಲಸ, ಒಲೆ, ಮನೆಯಲ್ಲಿ ಪಾರಿವಾಳ ಇದೆಯೇ, ಯಾರಾದರೂ ಬೀಡಿ ಸೇದುತ್ತಾರೆಯೇ, ಎಲ್ಲ ಕೇಳಿದರು. ಆಮೇಲೆ ಕೇಳಿದರು:

"ಅಮ್ಮ, ಈಗ ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ?"

ನನ್ನ ಗಂಡ ಉತ್ತರ ಕೊಟ್ಟರು. "ಬಿ.ಪಿ. ಗುಳಿಗಿ ಒಂದು ಅದರಿ. ಮತ್ತ ಈ ಕೆಮ್ಮಿನ ಔಷಧ. ಅಷ್ಟ."

"ಅಮ್ಮನನ್ನು ಕೇಳಿದ್ದು ನಾನು," ಎಂದರು ಡಾಕ್ಟರು, ಬೇಸರವಿಲ್ಲದೆ.

ಅತ್ತೆ ನೆಲ ನೋಡಿದರು. "ಅಂವ ಹೇಳಿದ್ದ ಖರೆರಿ," ಎಂದರು.

"ನೋಡಿ ಅಮ್ಮ, ಎದೆ ಬರೀ ಧೂಳಿನಿಂದ ಕೆಡುವುದಿಲ್ಲ. ಕೆಲವು ಸಲ ಮಾತ್ರೆಯಿಂದಲೂ ಕೆಡುತ್ತದೆ. ಒಳ್ಳೆಯ ಮಾತ್ರೆಯೇ ಇರಬಹುದು, ಬೇರೆ ಯಾವುದೋ ತೊಂದರೆಗೆ ಕೊಟ್ಟದ್ದಿರಬಹುದು. ಅದು ನಿಮಗೆ ಎಷ್ಟು ಚಿಕ್ಕದು ಅನ್ನಿಸಿದರೂ ನನಗೆ ಹೇಳಬೇಕು. ಅದಕ್ಕೇ ಎರಡನೇ ಸಲ ಕೇಳುತ್ತಿದ್ದೇನೆ."

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, "ಅವನ್ನ ಒಂಚೂರ ಹೊರಗ ಕಳಸು," ಎಂದರು.

ನನ್ನ ಗಂಡ ಅದನ್ನು ಕೇಳಿಸಿಕೊಂಡರು. ತಾಯಿಯ ಮುಖ ನೋಡಿ, ನನ್ನ ಮುಖ ನೋಡಿ, ಎದ್ದು ಹೊರಗೆ ಹೋದರು. ಬಾಗಿಲು ಮುಚ್ಚಿದ ಮೇಲೆ ಅತ್ತೆ ಸೊಂಟದಿಂದ ಎಲೆ ಅಡಿಕೆಯ ಸಂಚಿ ತೆಗೆದರು. ಅದರ ಒಳಗಿನ ಖಾನೆಯಿಂದ, ಅಡಿಕೆ ಚೂರುಗಳ ಕೆಳಗಿನಿಂದ, ಅರ್ಧ ಮುಗಿದ ಒಂದು ಗುಳಿಗೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ಹಳದಿ ಗುಳಿಗೆ. ನಾನು ನೋಡಿದ ಕೂಡಲೇ ಗುರುತಿಸಿದೆ.

"ಇದನ್ನ ದಿನಾ ತೊಗೋತೇನ್ರಿ," ಎಂದರು. "ಒಂದಕ್ಕ ಹೋಗೂವಾಗ ಉರೀತಿತ್ತು. ಅದಕ್ಕ."

ಡಾಕ್ಟರು ಪಟ್ಟಿಯನ್ನು ತಿರುಗಿಸಿ ಹೆಸರು ಓದಿದರು. ಅವರ ಮುಖದಲ್ಲಿ ಸಿಟ್ಟು ಬರಲಿಲ್ಲ. ಕಳೆದುಹೋದದ್ದು ಸಿಕ್ಕವರ ಹಾಗೆ ಒಂದು ಕ್ಷಣ ಕಂಡರು, ಆಮೇಲೆ ಗಂಭೀರವಾದರು.

"ಎಷ್ಟು ಸಮಯದಿಂದ ಅಮ್ಮ?"

"ಪಂಢರಪುರಕ್ಕ ಹೋಗೂಕಿಂತ ಮೊದ್ಲಿಂದ."

ಅವರಿಗೆ ಅದು ಅರ್ಥವಾಗಲಿಲ್ಲ. ನಾನು ಲೆಕ್ಕ ಹಾಕಿದೆ. ವರ್ಷ ದಾಟಿ, ಎರಡನೆಯದೂ ಮುಗಿಯುತ್ತ ಬಂದಿತ್ತು. ಹಾಗೆಂದು ಹೇಳಿದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. ಎಲ್ಲಿಂದ ತಂದಿರಿ ಎಂದು ಡಾಕ್ಟರು ಕೇಳಿದಾಗ ಅತ್ತೆ ಹೇಳಿದರು, ಮೆಡಿಕಲ್ ಅಂಗಡಿಗೆ ಖಾಲಿ ಪಟ್ಟಿ ಒಯ್ದು ತೋರಿಸಿದರೆ ಹೊಸದು ಕೊಡುತ್ತಿದ್ದರು. ಚೀಟಿ ಯಾರೂ ಕೇಳಲಿಲ್ಲ. ಮಧ್ಯಾಹ್ನ ನಾನು ಕಚೇರಿಯಲ್ಲಿರುವಾಗ, ಮಗು ಮಲಗಿದಾಗ, ಎದುರು ಮನೆಯವರಿಗೆ ಒಂದು ಗಳಿಗೆ ನೋಡಿಕೊಳ್ಳಲು ಹೇಳಿ ಹೋಗಿ ಬರುತ್ತಿದ್ದರು.

"ಅಂಗಾಲು ಜುಮುಜುಮು ಅನ್ನುತ್ತದೆಯಾ? ಇರುವೆ ಹರಿದ ಹಾಗೆ?"

ಅತ್ತೆ ತಲೆ ಎತ್ತಿದರು. "ಹೌದ್ರಿ. ನಿಮಗ ಹ್ಯಾಂಗ ಗೊತ್ತಾತು? ನಾ ಯಾರ ಮುಂದೂ ಹೇಳಿಲ್ಲ."

"ಅದೂ ಇದರಿಂದಲೇ ಇರಬೇಕು," ಎಂದರು ಡಾಕ್ಟರು. ಆಮೇಲೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ನಿಧಾನವಾಗಿ ಹೇಳಿದರು. "ಇದು ಕೆಟ್ಟ ಮಾತ್ರೆ ಅಲ್ಲ ಅಮ್ಮ. ಕೆಲವು ದಿನ ತೆಗೆದುಕೊಂಡು ಮುಗಿಸುವವರಿಗೆ ಬಹಳ ಒಳ್ಳೆಯದು. ನಿಮಗೆ ಮೊದಲು ಕೊಟ್ಟ ಡಾಕ್ಟರೂ ಯೋಚನೆ ಮಾಡಿಯೇ ಕೊಟ್ಟಿದ್ದಾರೆ. ಆದರೆ ತಿಂಗಳುಗಟ್ಟಲೆ ತೆಗೆದುಕೊಂಡರೆ ಅಪರೂಪಕ್ಕೆ ಕೆಲವರ ಎದೆಗೆ ತಾಗುತ್ತದೆ. ಅದಕ್ಕೇ ದೀರ್ಘಕಾಲ ತೆಗೆದುಕೊಳ್ಳುವವರ ಎದೆ, ಕಿಡ್ನಿ ಆಗಾಗ ನೋಡುತ್ತಿರಬೇಕು. ನಿಮ್ಮದನ್ನು ನೋಡುವವರು ಯಾರೂ ಇರಲಿಲ್ಲ. ಇಂದಿನಿಂದ ಇದು ಬೇಡ. ಒಂದು ಕೂಡ ಬೇಡ."

ನಾನು ಅತ್ತೆಗೆ ಸಮಾಧಾನವಾದೀತು ಎಂದುಕೊಂಡಿದ್ದೆ. ಕ್ಷಯ ಅಲ್ಲ, ಗಡ್ಡೆ ಅಲ್ಲ, ಬಿಟ್ಟರೆ ಕಡಿಮೆಯಾಗಬಹುದಾದ ಒಂದು ಗುಳಿಗೆ. ಆದರೆ ಅವರು ಮೇಜಿನ ಮೇಲಿನ ಪಟ್ಟಿಯ ಕಡೆಗೇ ನೋಡುತ್ತಿದ್ದರು. ಅವರ ಕಣ್ಣು ತುಂಬಿ ಬಂದದ್ದನ್ನು ಅವತ್ತು ಮೊದಲ ಸಲ ನೋಡಿದೆ. ಮಾವ ತೀರಿಕೊಂಡ ದಿನವೂ ಜನರ ಮುಂದೆ ಅತ್ತವರಲ್ಲ.

"ಬಿಟ್ಟರ ಮತ್ತ ಆ ಬೆಂಕಿ ಸುರು ಆಗ್ತದ್ರಿ ಡಾಕ್ಟ್ರ," ಎಂದರು. "ದಮ್ಮು ಹತ್ತಿದ್ರ ಹತ್ಲಿ. ಅದನ್ನ ತಡಕೋತೇನಿ. ಇದನ್ನ ತಡಕೊಳ್ಳೂದು ನನ್ನ ಕೈಲೆ ಆಗೂದಿಲ್ಲ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಬಂದರೆ ಬೇರೆ ಮಾತ್ರೆ ಇದೆ," ಎಂದರು. "ಪರೀಕ್ಷೆ ಮಾಡಿ, ನಿಮಗೆ ಆಗಿಬರುವುದನ್ನು, ಬೇಕಾದಷ್ಟೇ ದಿನ ಕೊಡುತ್ತಾರೆ. ಉರಿಯನ್ನು ತಡೆದುಕೊಂಡು ಕೂರಿ ಅಂತ ನಾನು ಹೇಳುವುದಿಲ್ಲ. ಯಾರಿಗೂ ಹೇಳದೆ ತಡೆದುಕೊಳ್ಳಬೇಡಿ ಅಂತ ಮಾತ್ರ ಹೇಳುತ್ತೇನೆ."

ಹೊರಗೆ ಬೆಂಚಿನ ಮೇಲೆ ಕೂತಿದ್ದ ನನ್ನ ಗಂಡನಿಗೆ, ಅತ್ತೆ ಒಪ್ಪಿದ ಮೇಲೆ, ಡಾಕ್ಟರೇ ವಿಷಯ ಹೇಳಿದರು. ಅವರು ತಾಯಿಯನ್ನು ಒಂದು ಮಾತೂ ಕೇಳಲಿಲ್ಲ. ರಿಕ್ಷಾದಲ್ಲಿ ಅತ್ತೆ ನಡುವೆ ಕೂತಿದ್ದರು. ಸ್ವಾರ್‌ಗೇಟ್ ದಾಟಿದ ಮೇಲೆ ನನ್ನ ಗಂಡ ತಾಯಿಯ ಕೈಯಿಂದ ಚೀಲ ತೆಗೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

ಮುಂದಿನ ಕೆಲವು ತಿಂಗಳು ಕಠಿಣವಾಗಿದ್ದವು. ಡಾಕ್ಟರು ಎದೆಯೊಳಗಿನ ಊತ ಇಳಿಯಲು ಬೇರೆ ಔಷಧ ಕೊಟ್ಟರು, ಅದನ್ನೂ ಮೆಲ್ಲಗೆ ಕಡಿಮೆ ಮಾಡುತ್ತ ನಿಲ್ಲಿಸಿದರು. ಮೂತ್ರದ ತೊಂದರೆಗೆ ಆಸ್ಪತ್ರೆಯಲ್ಲೇ ಇನ್ನೊಬ್ಬ ಡಾಕ್ಟರಮ್ಮನಿಗೆ ತೋರಿಸಲು ಹೇಳಿದರು. ಅತ್ತೆ ದಿನಾ ಬೆಳಗ್ಗೆ ಎದ್ದು ಮೊದಲು ಉರಿ ಇದೆಯೇ ಎಂದು ಕಾಯುತ್ತಿದ್ದರು. ಇಲ್ಲದ ದಿನ ಮುಖ ಸಡಿಲವಾಗುತ್ತಿತ್ತು. ತಾಟು ಲೋಟ ಮೂಲೆಯಿಂದ ಎಲ್ಲರ ಪಾತ್ರೆಗಳ ಜೊತೆಗೆ ಬಂದವು. ಮಗಳು ಮತ್ತೆ ಅವರ ಮಡಿಲು ಹತ್ತಿದಳು.

ಹಾಗೆ ಒಂದು ರವಿವಾರ ಬೆಳಗ್ಗೆ ನಾವಿಬ್ಬರೂ ಮೆಂತ್ಯೆಸೊಪ್ಪು ಬಿಡಿಸುತ್ತ ಕೂತಿದ್ದೆವು. ನನ್ನ ಗಂಡ ಮಗಳನ್ನು ಕರೆದುಕೊಂಡು ಹೊರಗೆ ಹೋಗಿದ್ದರು. ನಾನು ಕೇಳಿರಲಿಲ್ಲ, ಅವರೇ ಹೇಳತೊಡಗಿದರು. ಮದುವೆಯಾಗಿ ದೌಂಡಕ್ಕೆ ಬಂದಾಗ ಕ್ವಾರ್ಟರ್ಸ್ ಸಿಕ್ಕಿರಲಿಲ್ಲ. ಹಲವು ಸಂಸಾರಗಳಿದ್ದ ಒಂದು ಹಳೆಯ ವಾಡೆಯಲ್ಲಿ ಬಾಡಿಗೆಗೆ ಇದ್ದರು. ಪಾಯಖಾನೆ ಹಿತ್ತಲಿನ ತುದಿಗೆ. ಅಲ್ಲಿಗೆ ಹೋಗಬೇಕಾದರೆ ವಾಡೆಯ ಅಂಗಳ ದಾಟಬೇಕು. ಅಂಗಳದಲ್ಲಿ ಪಾಳಿ ಮುಗಿಸಿ ಬಂದ ಗಂಡಸರು ಹಗಲೆಲ್ಲ ಇಸ್ಪೀಟು ಆಡುತ್ತ ಕೂತಿರುತ್ತಿದ್ದರು.

"ಕೈಯಾಗ ತಂಬಗಿ ಹಿಡಕೊಂಡು ಅವ್ರ ಮುಂದ ಹ್ಯಾಂಗ ಹೋಗ್ಲಿ? ನಮ್ಮ ಅತ್ತಿ ಹೇಳಿದ್ರು, ನೀರು ಕಡಿಮಿ ಕುಡಿ, ತಾನ ರೂಢಿ ಆಗ್ತದ ಅಂತ. ರೂಢಿ ಆತು." ಅವರು ಒಂದು ಕಡ್ಡಿಯಿಂದ ಎಲೆ ಬಿಡಿಸಿ, ಕಡ್ಡಿಯನ್ನು ಪಕ್ಕಕ್ಕೆ ಹಾಕಿದರು. "ಆವಾಗಿಂದ ಉರಿ. ಹುಡುಗ ಹೊಟ್ಟಿಯಾಗ ಇದ್ದಾಗ ಜ್ವರ ಬಂದು ಸಾಯೂದೊಂದ ಬಾಕಿ ಇತ್ತು. ಎಲ್ಲಾರೂ ಬಸುರಿ ಜ್ವರ ಅಂದ್ರು. ನನಗ ಗೊತ್ತಿತ್ತು ಎದರ ಜ್ವರ ಅಂತ."

"ಮಾವನವರಿಗೆ ಹೇಳಲಿಲ್ಲೇನ್ರಿ?"

"ಗಂಡಸರ ಮುಂದ ಏನಂತ ಹೇಳೂದು?" ಎಂದರು. ಇನ್ನೊಂದು ಕಡ್ಡಿ ಕೈಗೆತ್ತಿಕೊಂಡು, "ಭಾಳ ಒಳ್ಳೇವ್ರು ಇದ್ರು. ಹೇಳಿದ್ರ ಏನರೆ ಮಾಡ್ತಿದ್ರೋ ಏನೋ," ಎಂದರು. "ಆ ಡಾಕ್ಟರ್ ಬಾಯಿ ಗುಳಿಗಿ ಕೊಟ್ಟ ಮ್ಯಾಲೆ ಮೊದಲನೇ ಸಲ ಬೆಂಕಿ ಆರಿತು ತಂಗಿ. ಮುವತ್ತು ವರ್ಷದ್ದು. ಆಕಿ ಊರ ಬಿಟ್ಟ ಹೋದ್ಲು ಅಂದ ಕೂಡ್ಲೆ ಎದಿ ಒಡದಂಗ ಆತು. ಬ್ಯಾರೆ ಡಾಕ್ಟ್ರು ಬಿಡಸ್ತಾರ ಅಂತ ಅಂಜಿಕಿ. ಅದಕ್ಕ ಯಾರಿಗೂ ಹೇಳ್ಲಿಲ್ಲ. ನಿನಗೂ."

ನಾನು ಸೊಪ್ಪಿನ ಮೇಲಿಂದ ಕೈ ತೆಗೆದು ಅವರ ಕೈ ಮೇಲಿಟ್ಟೆ. ಅವರು ಅದನ್ನು ಹಾಗೇ ಇರಗೊಟ್ಟರು. ನಮ್ಮ ನಡುವೆ ಅಂಥದ್ದು ರೂಢಿಯಲ್ಲಿರಲಿಲ್ಲ.

ಎದೆ ಪೂರ್ತಿ ಸರಿಹೋಗಲಿಲ್ಲ. ಕೆಮ್ಮು ಮೊದಲು ಇಳಿಯಿತು, ಆಮೇಲೆ ದಮ್ಮು ಕಡಿಮೆಯಾಯಿತು. ಮುಂದಿನ ಎಕ್ಸ್‌ರೇ ಚಿತ್ರದಲ್ಲಿ ನೆರಳು ತೆಳುವಾಗಿತ್ತು, ಆದರೆ ಕೆಳಗಿನ ಅಂಚಿನಲ್ಲಿ ಗಾಯ ಮಾಗಿದ ಕಲೆಯಂತೆ ಸ್ವಲ್ಪ ಉಳಿಯಿತು. ಇದು ಇಷ್ಟೇ, ಇದರ ಜೊತೆ ಬದುಕಬಹುದು ಎಂದರು ಡಾಕ್ಟರು. ಅತ್ತೆ ಮನೆಯ ಕೆಲಸ ಮಾಡಿಕೊಳ್ಳುವಷ್ಟಾದರು. ಮೆಟ್ಟಿಲು ಹತ್ತುವಾಗ ಪ್ರತಿ ತಿರುವಿನಲ್ಲೂ ನಿಲ್ಲುತ್ತಿದ್ದರು. ಅಂಗಾಲಿನ ಜುಮು ಪೂರ್ತಿ ಹೋಗಲೇ ಇಲ್ಲ. ಭಜನೆಯ ಹೆಂಗಸರು ಮುಂದೊಮ್ಮೆ ಮತ್ತೆ ಪಂಢರಪುರಕ್ಕೆ ಹೊರಟಾಗ, ಸಾಲಿನಲ್ಲಿ ನಿಲ್ಲಲಾರೆ ಎಂದು ತಾವೇ ಬೇಡವೆಂದರು. ಹೆಂಗಸರು ಹೊರಟ ಬೆಳಗ್ಗೆ ಅತ್ತೆ ಗ್ಯಾಲರಿಯಲ್ಲಿ ನಿಂತು ಕೆಳಗೆ ನೋಡುತ್ತಿದ್ದರು. ನಾನು ಚಹಾ ತಂದುಕೊಟ್ಟೆ. "ಒಂದ ಸರ್ತಿ ಆದ್ರೂ ಆತಲ್ಲ," ಎಂದರು.

ಕೆಲವು ವರ್ಷಗಳು ಹೋದವು. ಮಗಳು ಶಾಲೆಗೆ ಹೋಗುತ್ತಿದ್ದಳು. ನನ್ನ ಗಂಡನ ಸೋದರಮಾವನ ಮನೆಯ ಒಂದು ಮದುವೆಗೆ ನಾವು ಶಿರೂರಿಗೆ ಹೋಗಿ ಬಂದಿದ್ದೆವು. ಎರಡು ದಿನದ ಗಡಿಬಿಡಿ, ಮದುವೆ ಮನೆಯಲ್ಲಿ ನೂರು ಜನಕ್ಕೆ ಒಂದೇ ಪಾಯಖಾನೆ. ಬಂದ ಮರುದಿನ ಅತ್ತೆ ಬೆಳಗಿನ ತಿಂಡಿಗೆ ಕೂತಾಗ ತಟ್ಟೆ ಸರಿಸಿ, ನಾವಿಬ್ಬರೂ ಕೂತಿರುವಾಗಲೇ, "ನನಗ ಮತ್ತ ಉರಿ ಸುರು ಆಗೇದ. ಇವತ್ತ ದವಾಖಾನಿಗೆ ಹೋಗಬೇಕು," ಎಂದರು.

ನನ್ನ ಗಂಡ ತಿನ್ನುತ್ತಿದ್ದ ಕೈ ನಿಲ್ಲಿಸಿದರು. ಕಿವಿಯವರೆಗೆ ಕೆಂಪಾದರು. ಆಮೇಲೆ, "ನಡಿ ಅವ್ವಾ, ನಾ ಅರ್ಧಾ ದಿನ ರಜಾ ಹಾಕ್ತೇನಿ," ಎಂದರು.

ಆ ದಿನ ಆಸ್ಪತ್ರೆಯ ಡಾಕ್ಟರಮ್ಮ ರಜೆಯಲ್ಲಿದ್ದರು. ಅವರ ಜಾಗದಲ್ಲಿ ಒಬ್ಬ ತರುಣ ಡಾಕ್ಟರ್ ಕೂತಿದ್ದ. ನಾನು ಅತ್ತೆಯ ಕಡೆ ನೋಡಿದೆ. ಬೇಡ, ನಾಳೆ ಬರೋಣ ಎನ್ನುತ್ತಾರೇನೋ ಎಂದು ಕಾದೆ. ಅವರು ಕುರ್ಚಿಯಲ್ಲಿ ಕೂತು, ದಮ್ಮು ತೆಗೆದುಕೊಂಡು, ಮರಾಠಿಯಲ್ಲಿ ತಾವೇ ಹೇಳಿದರು. ಮೂತ್ರಕ್ಕೆ ಹೋಗುವಾಗ ಉರಿಯುತ್ತದೆ, ನಿನ್ನೆಯಿಂದ, ಜ್ವರ ಇಲ್ಲ, ಬೆನ್ನು ನೋವಿಲ್ಲ. ಬಿ.ಪಿ. ಗುಳಿಗೆಯ ಹೆಸರು ಹೇಳಿದರು. ಕೊನೆಗೆ ಹಳದಿ ಗುಳಿಗೆಯ ಹೆಸರನ್ನು, ನನ್ನಿಂದ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡದ್ದನ್ನು, ನಿಧಾನವಾಗಿ ತಪ್ಪಿಲ್ಲದೆ ಹೇಳಿ, ಅದರಿಂದ ಎದೆ ಕೆಟ್ಟಿತ್ತು, ಅದೊಂದನ್ನು ಬರೆಯಬೇಡಿ ಎಂದರು. ಮಗ ಪಕ್ಕದಲ್ಲೇ ನಿಂತಿದ್ದರು.

ತರುಣ ಡಾಕ್ಟರ್ ಬರೆಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದ. ಮೂತ್ರ ಪರೀಕ್ಷೆಗೆ ಕಳಿಸಿ, ಬೇರೆ ಗುಳಿಗೆ ಕೊಟ್ಟ. ಅತ್ತೆ ಕೇಳಿದರು: ಊಟದ ಮೊದಲೋ, ಆಮೇಲೋ? ಎಷ್ಟು ದಿನ? ಉರಿ ನಿಂತ ಮೇಲೂ ಮುಗಿಸಬೇಕಾ? ಮತ್ತೆ ಯಾವಾಗ ತೋರಿಸಬೇಕು? ಅವನು ಒಂದೊಂದಕ್ಕೂ ಉತ್ತರ ಹೇಳಿದ. ಅವನು ಹೇಳಿದಷ್ಟೇ ದಿನ ಅತ್ತೆ ತೆಗೆದುಕೊಂಡರು. ಕಡಿಮೆಯಾಯಿತು.

ಅಂದು ಆಸ್ಪತ್ರೆಯಿಂದ ಹೊರಗೆ ಬಂದು ನಾವು ರಿಕ್ಷಾಕ್ಕಾಗಿ ಒಂದು ಬೇವಿನ ಮರದ ಕೆಳಗೆ ನಿಂತಿದ್ದೆವು. ನನ್ನ ಗಂಡ ರಸ್ತೆಯ ಕಡೆ ನೋಡುತ್ತಲೇ ಕೇಳಿದರು.

"ಅವ್ವಾ, ದೌಂಡದಾಗ ಇದ್ದಾಗೂ ಹಿಂಗ ಆಗ್ತಿತ್ತೇನು?"

"ಆಗ್ತಿತ್ತು."

"ನನಗ ಒಂದ ಮಾತು ಹೇಳ್ಲಿಲ್ಲಲ್ಲ."

"ನೀ ಸಣ್ಣಾಂವ ಇದ್ದಿ," ಎಂದರು ಅತ್ತೆ. "ದೊಡ್ಡಾಂವ ಆದ ಮ್ಯಾಲೆ ಹೇಳೂ ರೂಢಿ ತಪ್ಪಿತ್ತು."

ರಿಕ್ಷಾ ಬಂತು. ನನ್ನ ಗಂಡ ಮೊದಲು ತಾಯಿಯನ್ನು ಕೂರಿಸಿದರು. ಅವರು ಒಳಗೆ ಸರಿದು, ಉಸಿರು ಹತೋಟಿಗೆ ಬರುವವರೆಗೆ ಕಣ್ಣು ಮುಚ್ಚಿ ಕೂತರು. ಚಾಲಕ ಎಲ್ಲಿಗೆ ಎಂದು ತಿರುಗಿ ಕೇಳಿದ. ನನ್ನ ಗಂಡ ಕೈ ಎತ್ತಿ ಸ್ವಲ್ಪ ತಡೆಯಲು ಹೇಳಿ, ತಾಯಿಯ ಮುಖ ನೋಡುತ್ತ ಕಾದರು.